ಗಾಲಿ ಇಲ್ಲದ ಕಾರಿಗೆ ಹೆಗಲು

ಗಾಲಿ ಇದ್ದಷ್ಟು ದಿನ ಆ ಕಾರು ನಮ್ಮ ಕೇರಿಯ ಮುಂದೆ ಒಂದು ಗಳಿಗೆಯೂ ನಿಂತದ್ದಿಲ್ಲ. ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅವ್ವ ಹಿಟ್ಟಿನ ಮಡಕೆಗೆ ಮುಚ್ಚಳ ಹುಡುಕುವಷ್ಟರಲ್ಲಿ ಧೂಳು ಒಳಗೆ ಬಂದು ಕೂತಿರುತ್ತಿತ್ತು. ಗಾಲಿ ಕಳಚಿದ ಮೇಲೆ, 1988ರ ಬೇಸಿಗೆಯಲ್ಲಿ, ಅದಕ್ಕೆ ನಮ್ಮ ನೆನಪಾಯಿತು. ದೊಡ್ಡಮನೆಯ ಆಳು ಬಂದು ಕೇರಿಯ ಬೇವಿನ ಮರದ ಹತ್ತಿರ ನಿಂತ. ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಡದೆ ಕೂಗಿ ಹೇಳಿದ: "ನಾಳೆ ವತ್ತಾರೆ ಎಂಟಾಳು ಬರಬೇಕಂತೆ. ಕಾರು ಎತ್ತಬೇಕಂತೆ."

ಹುಡುಗರೆಲ್ಲ ನಕ್ಕರು. ಎತ್ತು ಗೊತ್ತು, ಎಮ್ಮೆ ಗೊತ್ತು, ಸತ್ತ ಹಸ ಎತ್ತುವುದು ನಮ್ಮ ಹಿರಿಯರಿಗೆ ಗೊತ್ತಿಲ್ಲದ ಕೆಲಸವಲ್ಲ. ಆದರೆ ಕಾರು ಎತ್ತುವುದೆಂದರೇನು?

ಅದು ಅಂಬಾಸಿಡರ್ ಕಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಶುರುಮಾಡಿ 2014ರವರೆಗೂ ತಯಾರಿಸಿದ ಕಾರು. ಆ ಕಾಲದಲ್ಲಿ ಮಂತ್ರಿ ಬಂದರೂ ಅದೇ ಕಾರು, ಕಲೆಕ್ಟರ್ ಬಂದರೂ ಅದೇ ಕಾರು. ಹೀಗಾಗಿ ನಮ್ಮ ಕಣ್ಣಿಗೆ ಅದೊಂದು ವಾಹನವಾಗಿ ಕಾಣುತ್ತಲೇ ಇರಲಿಲ್ಲ. ಸರ್ಕಾರವೇ ನಾಲ್ಕು ಗಾಲಿ ಹಾಕಿಕೊಂಡು ಬಂದ ಹಾಗೆ ಕಾಣುತ್ತಿತ್ತು.

ನಾನು ಆ ಕಾರನ್ನು ಒಂದು ಸಲ ಮುಟ್ಟಿದ್ದೆ. ಆಗ ನನಗೆ ಏಳು ವರ್ಷ, 1977. ದೊಡ್ಡಮನೆಯ ಹಿತ್ತಲಲ್ಲಿ ಅಪ್ಪ ಸೌದೆ ಸೀಳುತ್ತಿದ್ದ. ಕಾರು ಬಿಸಿಲಲ್ಲಿ ನಿಂತಿತ್ತು. ಹಿಂದಿನ ಗಾಲಿಯ ಮೇಲಿನ ಆ ದುಂಡನೆ ಮಡ್‌ಗಾರ್ಡ್ ಹೊಳೆಯುತ್ತಿತ್ತು. ಅಂಗೈ ಇಟ್ಟೆ. ಸುಟ್ಟಿತು. ಕೈ ತೆಗೆಯುವಷ್ಟರಲ್ಲಿ ಬೆನ್ನ ಮೇಲೆ ಹುಣಸೆ ಬರಲು ಬಿತ್ತು. ಹೊಡೆದದ್ದಕ್ಕಿಂತ ಆಮೇಲಿನದು ನನಗೆ ಇವತ್ತಿಗೂ ಮರೆತಿಲ್ಲ. ನಾನು ಮುಟ್ಟಿದ ಜಾಗಕ್ಕೆ ಅಪ್ಪನ ಕೈಲೇ ದೂರದಿಂದ ಒಂದು ಬಿಂದಿಗೆ ನೀರು ಎರಚಿಸಿದರು. ಒರೆಸುವಂತಿಲ್ಲ. ಒರೆಸಿದರೆ ಅಪ್ಪನ ಕೈ ತಾಗುತ್ತದಲ್ಲ!

ಆಮೇಲೆ ಕಾರಿಗೆ ವಯಸ್ಸಾಯಿತು. ಮೊದಲು ಎಂಜಿನ್ ಮೈಸೂರಿಗೆ ಹೋಯಿತು. ಆಕ್ಸಲ್ಲೂ ಗಾಲಿಯೂ ಎತ್ತಿನ ಗಾಡಿಗೆ ಬಂದವು. ನಮ್ಮ ಮಂಡ್ಯದ ಕಡೆ ಟೈರ್ ಗಾಡಿ ನೋಡಿದವರಿಗೆ ಇದು ಗೊತ್ತು. ದೊಡ್ಡಮನೆಯ ಕಬ್ಬು ಅದೇ ಗಾಲಿಯ ಮೇಲೆ ಆಲೆಮನೆಗೆ ಹೋಗತೊಡಗಿತು. ಬಾಗಿಲು, ಗಾಜು, ಸೀಟು ಒಂದೊಂದಾಗಿ ಹೋದವು. ಉಳಿದದ್ದು ಬರೀ ಮೈ, ಬರೀ ತಗಡಿನ ಗೂಡು. ನಾಲ್ಕು ಕಲ್ಲಿನ ಮೇಲೆ ಕೊಟ್ಟಿಗೆ ಪಕ್ಕ ಐದಾರು ವರ್ಷ ಕೂತಿತ್ತು. ಕೋಳಿ ಮೊಟ್ಟೆ ಇಡುತ್ತಿದ್ದವು. ಈಗ ಅದನ್ನು ಬೆಂಗಳೂರಿನ ಗುಜರಿ ಸಾಹೇಬರೊಬ್ಬರು ತೂಕದ ಮೇಲೆ ಕೊಂಡಿದ್ದರು. ಟ್ರ್ಯಾಕ್ಟರ್ ಟ್ರೈಲರಿಗೆ ಏರಿಸಿ ಮೈನ್‌ರೋಡಿನವರೆಗೆ ಸಾಗಿಸಬೇಕು. ಅಲ್ಲಿಂದ ಲಾರಿ.

ಕೇರಿಯಲ್ಲಿ ಅವತ್ತು ರಾತ್ರಿ ಪಂಚಾಯ್ತಿಯೇ ಆಯಿತು. ಅದಕ್ಕೆ ಕಾರಣವಿತ್ತು.

ತೋಟಿ, ತಳವಾರಿಕೆಯಂಥ ಪಾರಂಪರಿಕ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆ ನಮ್ಮ ರಾಜ್ಯದಲ್ಲಿ 1961ರಲ್ಲೇ ಬಂದಿತ್ತು. ಕಾಯ್ದೆ ಬೆಂಗಳೂರಲ್ಲಿ ಬಂತು. ಸತ್ತ ದನ ಮಾತ್ರ ನಮ್ಮೂರಲ್ಲಿ ನಮ್ಮನ್ನೇ ಕರೆಯುತ್ತಿತ್ತು. ನಮ್ಮ ಚಿಕ್ಕಪ್ಪನ ಮಗ, ನಮಗೆಲ್ಲ ಅಣ್ಣ, 1973ರ ಬೂಸಾ ಗಲಾಟೆಯ ಹೊತ್ತಿನಲ್ಲಿ ಮೈಸೂರಿನ ಹಾಸ್ಟೆಲಿನಲ್ಲಿದ್ದ. ಅಲ್ಲಿ ಏಟು ತಿಂದು ಊರಿಗೆ ಬಂದವನು ಸುಮ್ಮನೆ ಕೂರಲಿಲ್ಲ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ಹೇಳಿದ್ದನ್ನು ಲಾಟೀನು ಹಚ್ಚಿಕೊಂಡು ಮನೆಮನೆಗೂ ಹೇಳಿದ. ಹತ್ತು ವರ್ಷ ಹೇಳಿದ. ಕೊನೆಗೆ ಕೇರಿ ತೀರ್ಮಾನ ಮಾಡಿತು: ಸತ್ತ ದನ ಎತ್ತಕೂಡದು. ಊರು ಸುಮ್ಮನಿರುತ್ತದೆಯೇ? ಒಂದು ಸುಗ್ಗಿ ಪೂರ್ತಿ ನಮಗೆ ಕೂಲಿ ಇಲ್ಲ. ಅಂಗಡಿಯಲ್ಲಿ ಉಪ್ಪು ಸಾಲ ಇಲ್ಲ. ಅವ್ವ ಸೊಪ್ಪು ಬೇಯಿಸಿ ನೀರು ಬಗ್ಗಿಸಿ ಕೊಟ್ಟ ದಿನಗಳು ನನ್ನ ಹೊಟ್ಟೆಗೆ ನೆನಪಿವೆ.

ಅಂಥ ಊರಿನಿಂದ ಈಗ ಕಾರೆತ್ತಲು ಕರೆ.

ನಾನಾಗ ಪಿಯುಸಿ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಕರಪತ್ರ ಓದಿ, ಹೋರಾಟದ ಹಾಡಿಗೆ ದನಿ ಸೇರಿಸಿ ಬಂದವನು. ಎದ್ದು ನಿಂತು ಭಾಷಣವನ್ನೇ ಮಾಡಿದೆ. "ಹಸ ಸತ್ತರೂ ನಾವೇ, ಕಾರು ಸತ್ತರೂ ನಾವೇನಾ? ಗಾಲಿ ಇದ್ದಾಗ ಮುಟ್ಟಕ್ಕೆ ಬಿಡಲಿಲ್ಲ. ಹೆಣ ಆದ ಮೇಲೆ ಹೆಗಲು ಕೊಡಬೇಕಾ? ಯಾರೂ ಹೋಗಕೂಡದು." ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಮೈ ಜುಮ್ಮೆಂದಿತು.

ಅಪ್ಪ ಬೀಡಿ ಆರಿಸಿ, ಉಳಿದ ತುಂಡನ್ನು ಕಿವಿಗೆ ಸಿಕ್ಕಿಸಿಕೊಂಡು ಮಾತಾಡಿದ. "ಹಸ ಎತ್ತದ್ದು ಬಿಟ್ಟಿ ಕನ್ಲಾ ಮಗಾ. ಹುಟ್ಟಿದ ತೆಪ್ಪಿಗೆ ಎತ್ತದ್ದು. ಇದು ಕೂಲಿ. ಮೊದ್ಲು ಬೆಲೆ ಮಾತಾಡವ. ಒಪ್ಪಿದ್ರೆ ಹೋಗವ. ಇಲ್ದಿದ್ರೆ ಕಾರು ಅವರ ಹಿತ್ತಿಲಲ್ಲೇ ಮೊಟ್ಟೆ ಇಕ್ಕ್ಲಿ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನನಗೆ ಅವಮಾನವಾಯಿತು.

ಬೆಳಿಗ್ಗೆ ಅಪ್ಪ ದೊಡ್ಡಮನೆಗೆ ಹೋಗಲೇ ಇಲ್ಲ. ನೇರ ಟ್ರ್ಯಾಕ್ಟರ್ ಹತ್ತಿರ ನಿಂತಿದ್ದ ಗುಜರಿ ಸಾಹೇಬರ ಬಳಿ ಹೋದ. ಆಗ ನಮ್ಮಲ್ಲಿ ಗಂಡಾಳಿನ ದಿನದ ಕೂಲಿ 10 ರೂಪಾಯಿ. ಅಪ್ಪ ತಲೆಗೆ 25 ಕೇಳಿದ. ಸಾಹೇಬರು 15 ಅಂದರು. ಕೊನೆಗೆ 20ಕ್ಕೆ ನಿಂತಿತು. "ದುಡ್ಡು ನಿಮ್ಮ ಕೈಯಿಂದ್ಲೇ ನಮ್ಮ ಕೈಗೆ ಬರಬೇಕು. ದೊಡ್ಡಮನೆಯಿಂದ ಬ್ಯಾಡ. ಜಾಕಿ, ಹಗ್ಗ, ಹಲಗೆ ನಿಮ್ದು. ಟೀ ಕೊಟ್ರೆ ಲೋಟದಲ್ಲಿ ಕೊಡಿ. ಕರಟದಲ್ಲಾದ್ರೆ ನಮಗೆ ನೀರೇ ಸಾಕು." ಸಾಹೇಬರು ಅಪ್ಪನ ಮುಖವನ್ನೇ ನೋಡಿದರು. "ಅರೇ ಭಾಯ್, ನಮ್ಮ ಅಂಗಡೀಲಿ ಕರಟ ಎಲ್ಲಿಂದ ತರಲಿ?" ಎಂದರು.

ನಾನು ಎಂಟು ಜನರಲ್ಲಿ ಸೇರಲಿಲ್ಲ. ಆದರೆ ಮಧ್ಯಾಹ್ನದ ಬುತ್ತಿ ತಗೊಂಡು ಹೋಗುವ ನೆವದಲ್ಲಿ ನೋಡಲು ಹೋದೆ. ಬೇಗನೇ ಹೋದೆ.

ಗೆಳೆಯರೇ, ಗಾಲಿ ಇರುವ ಕಾರನ್ನು ಒಬ್ಬ ಆಳು ತಳ್ಳಬಹುದು. ಇಡೀ ಅಂಬಾಸಿಡರ್ ಒಂದು ಟನ್ನಿಗೂ ಮೇಲೆ ತೂಗುತ್ತದೆ. ಆದರೂ ಚಪ್ಪಟೆ ರಸ್ತೆಯಲ್ಲಿ ಒಬ್ಬ ಗಟ್ಟಿ ಆಳಿಗೆ ಅದು ಮಣಿಯುತ್ತದೆ. ಗಾಲಿ, ಎಂಜಿನ್, ಬಾಗಿಲು ಎಲ್ಲ ತೆಗೆದ ಮೇಲೆ ತೂಕ ಅರ್ಧಕ್ಕಿಂತ ಎಷ್ಟೋ ಇಳಿದಿರುತ್ತದೆ. ಆದರೆ ಎಂಟಾಳು ಸೇರಿದರೂ ಸುಲಭಕ್ಕೆ ಅಲ್ಲಾಡುವುದಿಲ್ಲ. ನೆಲ ಅದನ್ನು ಹಿಡಿದುಕೊಂಡಿರುತ್ತದೆ. ಹಿಡಿಯಲು ಹಿಡಿ ಇಲ್ಲ. ಎಲ್ಲಿ ಕೈ ಹಾಕಿದರೂ ಹರಿದ ತಗಡು, ಕತ್ತಿಯ ಅಂಚು. ಗಾಲಿ ಎಂಬುದು ಎಷ್ಟು ಜನರ ಹೆಗಲಿನ ಕೆಲಸ ಮಾಡುತ್ತದೆ ಎನ್ನುವುದು ಅದು ಇಲ್ಲದಾಗಲೇ ತಿಳಿಯುವುದು.

ಅಪ್ಪ ಮೊದಲು ಒಂದು ಗಳ ತೂರಿಸಿ ಒಳಗೆ ಹಾವು ಇದೆಯೇ ನೋಡಿದ. ಆಮೇಲೆ ಕೂತುಕೊಂಡು ಬೆರಳ ಗೆಣ್ಣಿನಿಂದ ಕಾರಿನ ತಳ ಬಡಿಯುತ್ತ ಹೋದ. ನಮ್ಮಪ್ಪ ತಮಟೆ ಬಡಿದ ಕೈ. ಚರ್ಮ ಕಾದಿದೆಯೋ ಇಲ್ಲವೋ ಎಂದು ಕಿವಿ ಇಟ್ಟು ತಿಳಿದವನು. ಅಂಬಾಸಿಡರಿಗೆ ಲಾರಿಯ ಹಾಗೆ ಮೈಯಿಂದ ಬೇರೆಯಾದ ಉದ್ದನೆ ಚಾಸಿ ಇರುವುದಿಲ್ಲ. ಮೈಯೇ ಅದರ ಬೆನ್ನುಮೂಳೆ. ಬಾಗಿಲಿನ ಕೆಳಗೆ ಉದ್ದಕ್ಕೂ ಪೆಟ್ಟಿಗೆ ಹಾಗೆ ಮಡಿಸಿದ ತಗಡಿರುತ್ತದೆ, ಬಲ ಇರುವುದು ಅದರಲ್ಲಿ. ಅದು ತುಕ್ಕು ತಿಂದಿದ್ದರೆ ಜಾಕಿ ಸೀದಾ ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ಇದನ್ನು ನಾನು ಎಷ್ಟೋ ವರ್ಷದ ಮೇಲೆ ತಿಳಿದುಕೊಂಡೆ. ಅಪ್ಪನಿಗೆ ಅವತ್ತೇ ಗೊತ್ತಾಗಿತ್ತು. "ಇಲ್ಲಿ ಟಣ್ ಅಂತದೆ. ಇಲ್ಲಿಗೆ ಜಾಕಿ ಇಡಿ. ಅಲ್ಲಿ ಡಬ್ ಅಂತದೆ, ಅದು ಸತ್ತೋಗದೆ, ಮುಟ್ಟಬ್ಯಾಡಿ."

ಜಾಕಿ ಎತ್ತಿದಷ್ಟು ಕಲ್ಲು ಇಟ್ಟರು. ಮತ್ತೆ ಎತ್ತಿದರು, ಮತ್ತೆ ಕಲ್ಲು ಇಟ್ಟರು. ಕಾರಿನ ಅಡಿಗೆ ಉದ್ದಕ್ಕೆ ಎರಡು ಸರ್ವೆ ಮರ ತೂರಿಸಿ, ಕಿಟಕಿಯ ಕಂಡಿಯಿಂದ ಹಗ್ಗ ಹಾಯಿಸಿ ಬಿಗಿದರು. ಆ ಮರಗಳ ಕೆಳಗೆ ಅಡ್ಡಡ್ಡಕ್ಕೆ ಗುಂಡನೆ ಕೊರಡು ಹಾಕಿದರು. ಈಗ ಹಾರೆಯಿಂದ ಮೀಟಿದರೆ ಕಾರು ಕೊರಡಿನ ಮೇಲೆ ಉರುಳುತ್ತದೆ. ಹಿಂದೆ ಬಿಟ್ಟ ಕೊರಡನ್ನು ಓಡಿ ಹೋಗಿ ಮುಂದಕ್ಕೆ ಕೊಡಬೇಕು. ಕೊಡುವಾಗ ಬೆರಳು ಅಡಿಗೆ ಹೋಗಬಾರದು. ಅಂಗೈಯಲ್ಲಿ ತಳ್ಳಬೇಕು. "ಬೆರಳು ಮುಚ್ಕೊಳ್ರಲಾ" ಎನ್ನುವುದೇ ಅಪ್ಪನ ಹಾಡಾಗಿತ್ತು.

ಟ್ರೈಲರಿನ ಹಾಸು ನನ್ನ ಎದೆಮಟ್ಟ. ಅಷ್ಟು ಎತ್ತರಕ್ಕೆ ಏರಿಸುವುದು ಹೇಗೆ? ಅಪ್ಪ ಅದನ್ನೂ ನೋಡಿಟ್ಟಿದ್ದ. ದೊಡ್ಡಮನೆಯ ಕಣ ಎತ್ತರದಲ್ಲಿದೆ. ಕಣದ ಅಂಚಿಗೆ ಗಾಡಿ ದಾರಿ ತಗ್ಗಿನಲ್ಲಿ ಹಾಯುತ್ತದೆ. ಟ್ರ್ಯಾಕ್ಟರನ್ನು ಆ ದಾರಿಗೆ ಇಳಿಸಿ, ಟ್ರೈಲರಿನ ಹಿಂಬದಿ ಕಣದ ಅಂಚಿಗೆ ತಿರುಗುವಂತೆ ಹಿಮ್ಮೆಟ್ಟಿಸಿದರೆ ಹಾಸು ಮತ್ತು ಕಣ ಹೆಚ್ಚುಕಡಿಮೆ ಸಮ. ನಡುವೆ ಒಂದಾಳು ನಿಲ್ಲುವಷ್ಟು ಸಂದು ಉಳಿಯುತ್ತದೆ. ಅದಕ್ಕೆ ಎರಡು ಹಲಗೆ ಹಾಸಿದರೆ ಆಯಿತು. ಎತ್ತುವುದೇ ಬೇಡ, ದಾಟಿಸಿದರೆ ಸಾಕು. ಡ್ರೈವರ್ ಬೆರಗಾದ. ಟ್ರೈಲರಿನ ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಟ್ಟರು.

ಹಲಗೆಯಲ್ಲಿ ಕೆಟ್ಟಿತು. ಸಾಹೇಬರು ತಂದದ್ದು ಒಂದೇ, ರೈಲ್ವೆ ಸ್ಲೀಪರ್ ಮರ. ಇನ್ನೊಂದನ್ನು ದೊಡ್ಡಮನೆಯಿಂದ ಕೊಟ್ಟರು, ಹಳೆಯ ಬಾಗಿಲಿನ ಹಲಗೆ. ಅಪ್ಪ ಅದನ್ನೂ ಬಡಿದು ನೋಡಿದ. "ಗೆದ್ಲು ತಿಂದದೆ ಬುದ್ಧಿ, ಬ್ಯಾರೆ ಕೊಡಿ" ಅಂದ. ಕಣದ ಮೇಲೆ ಕೊಡೆ ಹಿಡಿದು ನಿಂತಿದ್ದ ದೊಡ್ಡಮನೆಯ ಕಿರಿಮಗ, "ಅಷ್ಟಕ್ಕೆಲ್ಲ ಏನೂ ಆಗಲ್ಲ, ನಡೀರಿ" ಅಂದ. ಸಾಹೇಬರಿಗೆ ಲಾರಿಯ ಹೊತ್ತು ಮೀರುತ್ತಿತ್ತು. ಅಪ್ಪ ಒಂದು ಗಳಿಗೆ ನಿಂತ. ಆಮೇಲೆ ಹಾರೆ ತಗೊಂಡ. ಆ ಒಂದು ಗಳಿಗೆಗಾಗಿ ಅವನು ಸಾಯುವವರೆಗೂ ತನ್ನನ್ನೇ ಬೈದುಕೊಳ್ಳುತ್ತಿದ್ದ.

ನಾಲ್ವರು ಟ್ರೈಲರಿನ ಮೇಲೆ ನಿಂತು ಹಗ್ಗ ಎಳೆದರು. ನಾಲ್ವರು ಕಣದಿಂದ ಹಾರೆ ಮೀಟಿದರು. ಹೈಸಾ ಎನ್ನುತ್ತ ಕಾರಿನ ಮೂತಿ ಟ್ರೈಲರಿನ ಮೇಲೆ ಬಂತು. ಇನ್ನರ್ಧ ಬರಬೇಕು. ಆಗ ಹಲಗೆ ಲಟಕ್ಕೆಂದಿತು. ಕಾರು ಎಡಕ್ಕೆ ವಾಲಿತು. ಹಗ್ಗ ಹಿಡಿದವರು ಹಿಂದಕ್ಕೆ ಬಿದ್ದು ಕಾಲೂರಿ ತಡೆದರು. ಕೊರಡುಗಳು ಉರುಳಿ ತಗ್ಗಿಗೆ ಬಿದ್ದವು.

ಕಣದ ಮೇಲಿನಿಂದ ಕೂಗು ಬಂತು: "ಹಗ್ಗ ಬುಡಬ್ಯಾಡ್ರಿ! ಯಾವನಾದ್ರೂ ಕೆಳಗೋಗಿ ಹೆಗಲು ಕೊಡ್ರಲಾ!"

ತಗ್ಗಿನಲ್ಲಿ, ಟ್ರೈಲರಿನ ಗಾಲಿಯ ಪಕ್ಕ ಬುತ್ತಿ ಹಿಡಿದು ನಿಂತಿದ್ದವನು ನಾನು. ಹಿಂದಿನ ರಾತ್ರಿ ಯಾರೂ ಹೋಗಕೂಡದು ಎಂದು ಭಾಷಣ ಮಾಡಿದ್ದವನು. ಆ ಕೂಗು ಕೇಳಿದ್ದೇ ತಡ, ಬುತ್ತಿ ಕೆಳಗಿಟ್ಟು ಆ ಸಂದಿಯೊಳಕ್ಕೆ ನುಗ್ಗಿ ಕಾರಿನ ಅಡಿಗೆ ಹೆಗಲು ಕೊಟ್ಟುಬಿಟ್ಟೆ. ಯೋಚನೆ ಮಾಡಲಿಲ್ಲ. ಯಾರ ಜೀವವನ್ನೂ ಉಳಿಸಲು ಹೋಗಲಿಲ್ಲ. ಆ ಕಾರು ನನಗೆ ಬೇಕಾದದ್ದೂ ಅಲ್ಲ. ಆ ದನಿ ಹೇಳಿತು, ನನ್ನ ಬೆನ್ನು ಬಾಗಿತು. ಓದಿದ್ದು ತಲೆಯಲ್ಲಿತ್ತು. ಬೆನ್ನಿಗೆ ಯಾರೂ ಓದಿಸಿರಲಿಲ್ಲ.

ತಗಡಿನ ಅಂಚು ಅಂಗಿ ಕೊಯ್ದು ಹೆಗಲಿಗೆ ಇಳಿಯಿತು. ಉಸಿರು ನಿಂತಿತು. ಅಷ್ಟರಲ್ಲಿ ಅಪ್ಪ ಕಣದಿಂದ ತಗ್ಗಿಗೆ ಹಾರಿದ. ನನ್ನ ಅಂಗಿ ಹಿಡಿದು ಎಳೆದ ಏಟಿಗೆ ನಾನು ದೂರ ಹೋಗಿ ಬಿದ್ದೆ. ತಾನೂ ಪಕ್ಕಕ್ಕೆ ಸರಿದು ಕೂಗಿದ: "ಬುಡ್ರಲಾ! ಎಲ್ಲಾರೂ ಬುಟ್ಬುಡ್ರಿ!"

ಟ್ರೈಲರಿನ ಮೇಲಿದ್ದ ನಾಲ್ವರೂ ಹಗ್ಗ ಬಿಟ್ಟರು. ಕಾರು ಕಿರುಗುಟ್ಟಿಕೊಂಡು ಜಾರಿ, ನಾನು ನಿಂತಿದ್ದ ಜಾಗಕ್ಕೆ ಮಗ್ಗುಲಾಗಿ ಬಿತ್ತು. ಹಿಂದಿನ ಗಾಲಿಯ ಮೇಲಿನ ಆ ದುಂಡನೆ ಮಡ್‌ಗಾರ್ಡ್ ಕಲ್ಲಿಗೆ ಬಡಿದು ಒಳಕ್ಕೆ ಹೋಯಿತು. ಧೂಳೆದ್ದಿತು. ಯಾರ ಉಗುರಿಗೂ ಏನೂ ಆಗಲಿಲ್ಲ.

"ಬುಡಿ ಅನ್ನಕ್ಕೆ ನೀನ್ಯಾವನ್ಲಾ?" ಎಂದು ಕಿರಿಮಗ ಕೂಗಾಡಿದ.

ಅಪ್ಪ ಏದುಸಿರು ಬಿಡುತ್ತಿದ್ದ. ತಲೆ ಎತ್ತಿ, "ಕೈ ನಮ್ದು ಬುದ್ಧಿ. ಹಿಡಿಯೋದೂ ನಮ್ದೇ, ಬುಡೋದೂ ನಮ್ದೇ" ಅಂದ. ಬುದ್ಧಿ ಎನ್ನುವ ಮಾತು ಅವನ ಬಾಯಿಂದ ಹೋಗಿರಲಿಲ್ಲ. ಆದರೆ ಉಳಿದ ಮಾತು ಆ ಮನೆಯವರ ಮುಂದೆ ನಮ್ಮ ಕೇರಿಯ ಬಾಯಿಂದ ಬಂದದ್ದು ಅದೇ ಮೊದಲು.

"ಕಾರು ಸೊಟ್ಟ ಮಾಡಿದ್ದೀಯ, ಇವರ ಕೂಲಿ ಮುರ್ಕೊಳ್ರಿ ಸಾಹೇಬ್ರೇ" ಎಂದ ಕಿರಿಮಗ.

ಸಾಹೇಬರು ಬಿದ್ದ ಕಾರನ್ನು ಒಂದು ಸುತ್ತು ಹಾಕಿ ನೋಡಿದರು. "ತೂಕಕ್ಕೆ ತಗೊಂಡಿರೋದು ಸ್ವಾಮಿ. ಸೊಟ್ಟ ಆದ್ರೆ ತೂಕ ಕಮ್ಮಿ ಆಗ್ತದಾ? ನಾಳೆ ನಾವೇ ಸುತ್ತಿಗೇಲಿ ಬಡಿದು ಸೊಟ್ಟ ಮಾಡ್ತೀವಿ" ಎಂದರು. ಆಮೇಲೆ ನನ್ನ ಹೆಗಲಿನ ರಕ್ತ ನೋಡಿ ತಮ್ಮ ಟವೆಲ್ಲನ್ನೇ ಕೊಟ್ಟರು.

ಕೆಲಸ ಮತ್ತೆ ಮೊದಲಿಂದ ಶುರುವಾಯಿತು. ಈ ಸಲ ಸಾಹೇಬರೇ ಸೈಕಲ್ಲಿನಲ್ಲಿ ಆಳು ಕಳಿಸಿ ಆಲೆಮನೆಯಿಂದ ಗಟ್ಟಿ ತೊಲೆ ತರಿಸಿದರು. ಟ್ರೈಲರನ್ನು ಮುಂದಕ್ಕೆ ಬಿಟ್ಟು, ಮಗ್ಗುಲಾಗಿದ್ದ ಕಾರನ್ನು ಹಾರೆಯಿಂದ ನೆಟ್ಟಗೆ ಮಾಡಿ, ಜಾಕಿ ಒಂದು ಗೇಣು, ಕಲ್ಲು ಒಂದು ಗೇಣು, ಹೀಗೆ ಏರಿಸುತ್ತ ಹೋದರು. ಯಾರೂ ಅಡಿಗೆ ಹೋಗಲಿಲ್ಲ. ಏರಿದ ಮಟ್ಟಕ್ಕೆ ಟ್ರೈಲರನ್ನು ಹಿಮ್ಮೆಟ್ಟಿಸಿ, ತೊಲೆಯ ಮೇಲೆ ದಾಟಿಸಿದರು. ದೀಪ ಹಚ್ಚುವ ಹೊತ್ತಾಗಿತ್ತು. ನಾನು ಕೊರಡು ಕೊಡುವ ಕೆಲಸ ಮಾಡಿದೆ, ಬೆರಳು ಮುಚ್ಚಿಕೊಂಡು. ಸಾಹೇಬರು ಎಂಟು ಜನರ ಕೈಗೂ ಇಪ್ಪತ್ತಿಪ್ಪತ್ತು ಎಣಿಸಿ ಇಟ್ಟರು, ನನಗೆ ಹತ್ತು ಕೊಟ್ಟರು. ಟೀ ಲೋಟದಲ್ಲೇ ಬಂತು, ಟ್ರ್ಯಾಕ್ಟರ್ ಡ್ರೈವರನ ಫ್ಲಾಸ್ಕಿನಿಂದ. ದೊಡ್ಡಮನೆಯಿಂದ ಏನೂ ಬರಲಿಲ್ಲ.

ರಾತ್ರಿ ಅವ್ವ ನನ್ನ ಹೆಗಲಿಗೆ ಅರಿಶಿನ ಮೆತ್ತುತ್ತಿದ್ದಳು. ಅಪ್ಪ ಹಟ್ಟಿ ಮುಂದೆ ಕೂತವನು ಇದ್ದಕ್ಕಿದ್ದಂತೆ ದೊಡ್ಡಪ್ಪನ ವಿಷಯ ಎತ್ತಿದ. ದೊಡ್ಡಪ್ಪ ಕುಂಟುತ್ತಿದ್ದದ್ದು ನನಗೆ ಗೊತ್ತಿತ್ತು. ಯಾಕೆ ಎಂದು ಯಾರೂ ಹೇಳಿರಲಿಲ್ಲ. ಊರ ಗುಡಿಗೆ ಹೊಸಲು ಕಲ್ಲು ಹೊತ್ತು ತಂದದ್ದು ನಮ್ಮವರಂತೆ. ಬಿಟ್ಟಿ. ಗುಡಿಯ ಹತ್ತಿರ ಬಂದಾಗ ಹಗ್ಗ ಒಂದು ಕಡೆ ಹರಿಯಿತಂತೆ. ಊರವರು "ಬುಡಬ್ಯಾಡ್ರೋ, ದೇವರ ಕಲ್ಲು, ಒಡೆದೋದಾತು" ಎಂದು ಕೂಗಿದರಂತೆ. ಹನ್ನೆರಡು ಜನರಲ್ಲಿ ಒಬ್ಬನಿಗೂ ಬಿಡಿ ಎನ್ನಲು ಬಾಯಿ ಬರಲಿಲ್ಲ. ಕಲ್ಲು ಉಳಿಯಿತು. ದೊಡ್ಡಪ್ಪನ ಮಂಡಿ ಹೋಯಿತು. ಆ ಹೊಸಲನ್ನು ಅವನು ಸಾಯುವವರೆಗೂ ದಾಟಲಿಲ್ಲ, ದಾಟಲು ಬಿಡಲಿಲ್ಲ.

"ನಾನೂ ಆ ಹನ್ನೆರಡು ಜನದಲ್ಲಿದ್ದೆ ಕನ್ಲಾ" ಎಂದ ಅಪ್ಪ. "ಅವತ್ತು ಬುಡ್ರೋ ಅಂತ ಅನ್ನಬೇಕಿತ್ತು. ಇವತ್ತು ಅಂದೆ."

ಇಷ್ಟು ಹೇಳಿ ಕಿವಿಯ ಬೀಡಿ ತೆಗೆದು ಹಚ್ಚಿಕೊಂಡ.

ಕೂಲಿಗೂ ಬಿಟ್ಟಿಗೂ ಇರುವ ವ್ಯತ್ಯಾಸ ದುಡ್ಡೊಂದೇ ಎಂದು ನಾನು ತಿಳಿದಿದ್ದೆ. ಅಪ್ಪನೂ ಹಿಂದಿನ ರಾತ್ರಿ ಹಾಗೇ ಹೇಳಿದ್ದ. ತಗ್ಗಿನಲ್ಲಿ ಬಿದ್ದ ಕಾರು ಇಬ್ಬರಿಗೂ ಬೇರೆ ಪಾಠ ಹೇಳಿತು. ದುಡ್ಡು ಕೊಟ್ಟೂ ಬಿಟ್ಟಿ ಮಾಡಿಸಬಹುದು. ಭಾರ ಹೊತ್ತವನಿಗೆ ಬಿಡುವ ಅಧಿಕಾರ ಇಲ್ಲದಿದ್ದರೆ ಅದು ಬಿಟ್ಟಿಯೇ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂತು, ಬಂದದ್ದು ಒಳ್ಳೆಯದೇ. ಆದರೆ ಯಾರೋ ಕೊಡೆ ಹಿಡಿದು ಮೇಲೆ ನಿಂತು ಕೂಗಿದಾಗ ತಾನಾಗಿ ಬಾಗುವ ಬೆನ್ನಿದೆಯಲ್ಲ, ಅದರೊಳಗಿನ ಜೀತವನ್ನು ಯಾವ ಕಾಯ್ದೆಯೂ ಒಂದೇ ದಿನದಲ್ಲಿ ತೆಗೆಯಲಾರದು. ಅದನ್ನು ನಾವೇ ತೆಗೆಯಬೇಕು. ಪಕ್ಕದಲ್ಲಿರುವವನ ಅಂಗಿ ಹಿಡಿದು ಎಳೆದು ತೆಗೆಯಬೇಕು.

2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದ ನಮ್ಮ ಹುಡುಗರನ್ನು ಕಾರಿಗೆ ಕಟ್ಟಿ ಹೊಡೆದದ್ದನ್ನು ದೇಶವೇ ನೋಡಿತು. ಆಮೇಲೆ ಅಲ್ಲಿನ ದಲಿತರು ಸತ್ತ ದನಗಳನ್ನು ತಂದು ಸುರೇಂದ್ರನಗರದ ಕಲೆಕ್ಟರ್ ಕಚೇರಿಯ ಮುಂದೆ ಸುರಿದರು. ಆ ಸುದ್ದಿ ಓದಿದಾಗ ನನ್ನ ಕಿವಿಯಲ್ಲಿ ಕೇಳಿದ್ದು ಅಪ್ಪನ ದನಿ, ಬುಡ್ರಲಾ. ರಕ್ಷಣಾ ಸಾಧನವಿಲ್ಲದೆ ಮ್ಯಾನ್‌ಹೋಲಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಸತ್ತರೆ 30 ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಆದರೂ ಮೇಲೆ ನಿಂತವನು ಇಳಿಯೋ ಅಂದಾಗ, ಹಗ್ಗ ಹಿಡಿದ ಜೊತೆಗಾರನಾದರೂ ಇಳಿಯಬೇಡ ಅನ್ನುವಂತಿದ್ದರೆ ಎಷ್ಟು ಮನೆಗಳಲ್ಲಿ ಇವತ್ತು ಅಪ್ಪಂದಿರು ಇರುತ್ತಿದ್ದರು!

ಅಪ್ಪ ಈಗಿಲ್ಲ. ಅಂಬಾಸಿಡರ್ ಕಾರೂ ಈಗ ತಯಾರಾಗುವುದಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾದೆ. ಸನ್ನೆಯ ಪಾಠ ಬಂದಾಗ ಹಾರೆಯೊಂದನ್ನು ಕ್ಲಾಸಿಗೆ ತರುತ್ತೇನೆ. ಇಟ್ಟಿಗೆ ಮೇಲೆ ಹಾರೆ ಇಟ್ಟು, ಸಣ್ಣ ಹುಡುಗಿಯೊಬ್ಬಳ ಕೈಲಿ ಮೇಷ್ಟ್ರ ಮೇಜನ್ನೇ ಎತ್ತಿಸುತ್ತೇನೆ. ಮಕ್ಕಳು ಕುಣಿಯುತ್ತಾರೆ. ಪುಸ್ತಕದಲ್ಲಿ ಪಾಠ ಅಲ್ಲಿಗೆ ಮುಗಿಯುತ್ತದೆ. ನಾನು ಅಷ್ಟಕ್ಕೆ ಬಿಡುವುದಿಲ್ಲ. ಬೆಂಚು ಎತ್ತಲು ನಾಲ್ಕು ಮಕ್ಕಳನ್ನು ಕರೆದಾಗಲೆಲ್ಲ ಮೊದಲು ಕೇಳುತ್ತೇನೆ: "ಭಾರ ಆದ್ರೆ ಬಿಡಿ ಅಂತ ಹೇಳೋರು ಯಾರು?"

ಮೊದಮೊದಲು ಯಾರೂ ಕೈ ಎತ್ತುವುದಿಲ್ಲ. ಒಬ್ಬರನ್ನೊಬ್ಬರು ನೋಡುತ್ತಾರೆ. ಒಂದೊಂದು ವರ್ಷ ದಸರಾ ರಜೆ ಬರುವವರೆಗೂ ಕೈ ಎತ್ತುವುದಿಲ್ಲ. ಯಾರಾದರೊಬ್ಬರು ಎತ್ತುವವರೆಗೂ ಬೆಂಚು ಇದ್ದಲ್ಲೇ ಇರುತ್ತದೆ.